ಸ್ಟಾಪ್ ಆದಮೇಲೆ ಟು ಬರಬೇಕಾ, ಇಂಗ್ ಬರಬೇಕಾ?

"ಹೀ ಸ್ಟಾಪ್ಡ್ ಸ್ಮೋಕಿಂಗ್" ಅಂದರೆ ಆಸಾಮಿ ಸಿಗರೇಟು ಬಿಟ್ಟ. "ಹೀ ಸ್ಟಾಪ್ಡ್ ಟು ಸ್ಮೋಕ್" ಅಂದರೆ ಗಾಡಿ ನಿಲ್ಲಿಸಿ ಒಂದು ದಮ್ ಎಳೆದ! ಕ್ರಿಯಾಪದ ಒಂದೇ, ಅರ್ಥ ಮಾತ್ರ ತದ್ವಿರುದ್ಧ.

ಇಂಗ್ಲಿಷ್‌ನಲ್ಲಿ ಒಂದು ಕ್ರಿಯಾಪದದ ಬೆನ್ನಿಗೇ ಇನ್ನೊಂದು ಬಂದರೆ, ಎರಡನೆಯದು ಯಾವ ರೂಪ ತಾಳಬೇಕೆಂದು ಮೊದಲನೆಯದೇ ನಿರ್ಧರಿಸುತ್ತದೆ. ಎಂಜಾಯ್, ಅವಾಯ್ಡ್, ಫಿನಿಶ್ ಬಂದರೆ ಇಂಗ್ ರೂಪ, ಅಂದರೆ ಜೆರಂಡ್. ವಾಂಟ್, ಡಿಸೈಡ್, ಹೋಪ್ ಬಂದರೆ ಟು ಸೇರಿದ ಇನ್ಫಿನಿಟಿವ್. "ಐ ಎಂಜಾಯ್ ಟು ರೀಡ್" ತಪ್ಪು, "ಎಂಜಾಯ್ ರೀಡಿಂಗ್" ಸರಿ.

ಸೂತ್ರ ಏನಾದರೂ ಇದೆಯಾ? ಅರ್ಧಂಬರ್ಧ ಇದೆ. ಟು ಸಾಮಾನ್ಯವಾಗಿ ಮುಂದೆ ಆಗಬೇಕಾದ್ದರ ಕಡೆಗೆ, ಇಂಗ್ ಆಗಿಹೋದದ್ದರ ಕಡೆಗೆ ವಾಲುತ್ತದೆ. "ರಿಮೆಂಬರ್ ಟು ಲಾಕ್ ದ ಡೋರ್": ಬೀಗ ಹಾಕೋದು ಮರೀಬೇಡ. "ಐ ರಿಮೆಂಬರ್ ಲಾಕಿಂಗ್ ದ ಡೋರ್": ಹಾಕಿದ್ದು ನೆನಪಿದೆ. ಆದರೆ ಸಜೆಸ್ಟ್ ಇದಕ್ಕೆ ಸೊಪ್ಪು ಹಾಕುವುದಿಲ್ಲ; ಮುಂದಿನ ಮಾತಾದರೂ ಅದಕ್ಕೆ ಇಂಗೇ ಬೇಕು.

ಹೆಚ್ಚಿನವರು ಎಡವುವುದು "ಲುಕ್ ಫಾರ್ವರ್ಡ್ ಟು"ನಲ್ಲಿ. ಅಲ್ಲಿನ ಟು ಬರೀ ಪ್ರಿಪೊಸಿಷನ್. ಮೇಲ್‌ನ ಕೊನೆಗೆ "ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ" ಎಂದು ಬರೆಯುವವರು ಇನ್ನು ಮುಂದೆ "ಮೀಟಿಂಗ್ ಯೂ" ಎಂದು ತಿದ್ದಿಕೊಳ್ಳಿ.