ದೊರೆಯ ಮೇಲೆ ದಾವೆ

ಕೊಟ್ಟ ಮಾತಿಗೆ ತಪ್ಪಿದವನನ್ನು ನ್ಯಾಯಸ್ಥಾನಕ್ಕೆ ಎಳೆಯಬಹುದೆಂಬುದು ವ್ಯವಹಾರದ ಮೊದಲ ಪಾಠ. ತಪ್ಪಿದವನು ಸರ್ಕಾರವೇ ಆಗಿದ್ದರೆ? ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರ ವಿಲಕ್ಷಣವಾದುದು: ದಾವೆ ಹೂಡಬಹುದು, ಆದರೆ ಮೊದಲು ಶಾಸನಸಭೆಯ ಅಪ್ಪಣೆ ಪಡೆದು ಬರಬೇಕು.

ಅಲ್ಲಿಯ ಹ್ಯೂಸ್ಟನ್ ನಗರದಲ್ಲಿ ಟೆಕ್ಸಾಸ್ ಸದರ್ನ್ ವಿಶ್ವವಿದ್ಯಾಲಯವೆಂಬ ಸರ್ಕಾರಿ ವಿದ್ಯಾಸಂಸ್ಥೆಯಿದೆ. ಬ್ಯಾಸ್ಕೆಟ್‌ಬಾಲ್ ಆಟಕ್ಕೆ ಅಂಕಫಲಕಗಳು ಬೇಕೆಂದು ಅದು ಟೆಂಡರು ಕರೆಯಿತು. ಫೆಡರಲ್ ಸೈನ್ ಎಂಬ ಕಂಪೆನಿಯ ದರ ಒಪ್ಪಿಗೆಯಾಗಿ, ಕಂಪೆನಿ ಕೆಲಸಕ್ಕೆ ಕೈಹಚ್ಚಿತು. ಮಾಲು ಒಪ್ಪಿಸುವ ಮೊದಲೇ, ಆ ಫಲಕಗಳು ತನಗೆ ಬೇಡವೆಂದು ತಿಳಿಸಿದ ವಿಶ್ವವಿದ್ಯಾಲಯ ಕೆಲಸವನ್ನು ಬೇರೆಯವರಿಗೆ ವಹಿಸಿತು. ಕಂಪೆನಿ ದಾವೆ ಹೂಡಿತು; ಜ್ಯೂರಿಯೂ ಅದರ ಪಕ್ಷವನ್ನೇ ಎತ್ತಿಹಿಡಿಯಿತು. ಆದರೆ ಮೇಲ್ಮನವಿಯಲ್ಲಿ ಗೆಲವು ಕೈಜಾರಿತು. 1997ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಕಂಪೆನಿಯ ವಿರುದ್ಧವೇ ತೀರ್ಪಿತ್ತಿತು.

ಆ ತೀರ್ಪಿನ ತರ್ಕ ಸೂಕ್ಷ್ಮವಾದುದು. ಹೊಣೆಗಾರಿಕೆ ಬೇರೆ, ದಾವೆಗೆ ಗುರಿಯಾಗುವುದು ಬೇರೆ. ಕರಾರಿಗೆ ರುಜು ಹಾಕಿದಾಗ ರಾಜ್ಯ ಹೊಣೆಯನ್ನೇನೋ ಹೊರುತ್ತದೆ. ಆದರೆ ತನ್ನನ್ನು ಕಟಕಟೆಗೆ ಕರೆಯಲು ಅಷ್ಟರಿಂದಲೇ ಒಪ್ಪಿದಂತಾಗಲಿಲ್ಲ. ಸಾಲವುಂಟು, ಸಾಲಗಾರನ ಬಾಗಿಲು ತಟ್ಟುವ ಹಕ್ಕು ಮಾತ್ರ ಇಲ್ಲ! ಕಂಪೆನಿಯೇ ತಪ್ಪಿದ್ದರೆ ವಿಶ್ವವಿದ್ಯಾಲಯ ಇಂಥ ಅಪ್ಪಣೆಗಾಗಿ ಕಾಯಬೇಕಾಗಿರಲಿಲ್ಲ. ನ್ಯಾಯಮೂರ್ತಿಗಳೆಲ್ಲರೂ ಈ ತರ್ಕವನ್ನು ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು.

ಇದರ ಬೇರು ಹಳೆಯದು. ದೊರೆಯನ್ನು ದೊರೆಯದೇ ನ್ಯಾಯಸ್ಥಾನದಲ್ಲಿ ಪ್ರಶ್ನಿಸಲಾಗದೆಂಬ ಇಂಗ್ಲೆಂಡಿನ ನಂಬಿಕೆ, ದೊರೆಯನ್ನೇ ಕಿತ್ತೆಸೆದ ನಾಡಿನಲ್ಲಿಯೂ ಉಳಿದುಕೊಂಡಿತು. ಟೆಕ್ಸಾಸ್ ಒಕ್ಕೂಟವನ್ನು ಸೇರಿದ್ದು 1845ರಲ್ಲಿ. 1847ರಷ್ಟು ಹೊತ್ತಿಗೇ ಅಲ್ಲಿಯ ನ್ಯಾಯಾಲಯ ಈ ತತ್ವವನ್ನು ಸಾರಿತ್ತು. ಇದಕ್ಕೊಂದು ಸಮರ್ಥನೆಯೂ ಇದೆ. ಬೊಕ್ಕಸದ ಹಣ ಪ್ರಜೆಗಳದು. ಅದನ್ನು ಯಾವುದಕ್ಕೆ ವೆಚ್ಚಮಾಡಬೇಕೆಂಬುದನ್ನು ಪ್ರಜೆಗಳು ಆರಿಸಿದವರು ನಿರ್ಣಯಿಸಬೇಕು. ಮಾತು ತೂಕದ್ದೇ. ಆದರೆ ಫಲಕ ಮಾಡುವವನ ಬಂಡವಾಳ ಅಷ್ಟು ಕಾಲ ಕಾಯಬಲ್ಲುದೆ?

ಏಕೆಂದರೆ ಆ ಅಪ್ಪಣೆ ಸುಲಭದ್ದಲ್ಲ. ಉಭಯ ಸದನಗಳೂ ಒಂದೇ ನಿರ್ಣಯವನ್ನು ಅಂಗೀಕರಿಸಬೇಕು. ಟೆಕ್ಸಾಸ್ ಶಾಸನಸಭೆಯ ನಿಯತ ಅಧಿವೇಶನವಾದರೋ ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 140 ದಿನ. ನಿರ್ಣಯ ದೊರೆತರೂ ಅದು ಗೆಲವಲ್ಲ. ರಾಜ್ಯ ತಪ್ಪನ್ನು ಒಪ್ಪಿಕೊಂಡಿತೆಂದು ಅರ್ಥವೂ ಅಲ್ಲ. ಬಾಗಿಲು ತೆರೆಯಿತು, ಅಷ್ಟೆ.

ನಮ್ಮ ದೇಶದಲ್ಲಿ ಹಾದಿ ಬೇರೆಯಾದದ್ದು ವ್ಯಾಪಾರದ ದೆಸೆಯಿಂದಲೇ. ಈಸ್ಟ್ ಇಂಡಿಯಾ ಕಂಪೆನಿ ಆಳುತ್ತಿದ್ದರೂ ಮೂಲತಃ ವರ್ತಕ ಸಂಸ್ಥೆ. ಅದರ ಮೇಲೆ ದಾವೆ ಹೂಡಬಹುದಾಗಿತ್ತು. 1858ರಲ್ಲಿ ಆಡಳಿತ ರಾಣಿಯ ಕೈಸೇರಿದಾಗ ಬ್ರಿಟಿಷ್ ಪಾರ್ಲಿಮೆಂಟಿನ ಕಾಯಿದೆ ಆ ಹಕ್ಕನ್ನು ಉಳಿಸಿತು. ಅದರ ಎಳೆಯೇ ಸಂವಿಧಾನದ 300ನೆಯ ಅನುಚ್ಛೇದಕ್ಕೆ ಹರಿದು ಬಂದಿದೆ. ಕರಾರು ಮುರಿದ ಸರ್ಕಾರದ ಮೇಲೆ ಇಲ್ಲಿ ದಾವೆ ಹೂಡಲು ಸಾಮಾನ್ಯವಾಗಿ ಎರಡು ತಿಂಗಳ ಮುನ್ಸೂಚನೆ ಸಾಕು, ವಿಧಾನಸಭೆಯ ಮೆಟ್ಟಿಲೇರಬೇಕಿಲ್ಲ. (ದಾವೆ ಮುಗಿಯುವ ಕಾಲಾವಧಿಯ ಮಾತು ಬೇರೆ.)

ಟೆಕ್ಸಾಸ್ ಕೂಡ ಸುಮ್ಮನೆ ಕುಳಿತಿಲ್ಲ. 1999ರ ಕಾನೂನು ಕಂತ್ರಾಟುದಾರನಿಗೆ ಮೊದಲು ಸಂಧಾನದ, ಬಳಿಕ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆಯ ದಾರಿಯನ್ನು ತೆರೆಯಿತು. 2013ರಲ್ಲಿ ಕಟ್ಟಡ ನಿರ್ಮಾಣ, ವಾಸ್ತುಶಿಲ್ಪ, ಎಂಜಿನಿಯರಿಂಗ್ ಕರಾರುಗಳ ದೊಡ್ಡ ಹಕ್ಕುಕೇಳಿಕೆಗಳಿಗೆ, ಎಂದರೆ 2,50,000 ಡಾಲರಿಗೆ ಕಡಮೆಯಿಲ್ಲದವಕ್ಕೆ, ನ್ಯಾಯಾಲಯದ ಬಾಗಿಲೇ ತೆರೆಯಿತು. ಉಳಿದ ಕರಾರುಗಳಲ್ಲಿ 1999ರ ಕಾನೂನಿಗೆ ಒಳಪಟ್ಟವನ ಬಾಕಿ ಆ ಮೊತ್ತವನ್ನು ಮೀರಿದರೆ, ಆಡಳಿತ ನ್ಯಾಯಾಧೀಶರು ಅವನ ಪರವಾಗಿ ಶಿಫಾರಸು ಮಾಡಬಲ್ಲರೇ ಹೊರತು ಹಣ ಕೊಡಿಸಲಾರರು. ಆ ಶಿಫಾರಸು ಹೋಗಿ ಸೇರುವುದು ಮತ್ತೆ ಶಾಸನಸಭೆಯನ್ನೇ.