ಸಾತೊಡ್ಡಿಯ ಸಿಪಿಲೆ

ಬೀದರಿನ ಮೈಲೂರಿನಲ್ಲಿ ನಮ್ಮ ನೆಲ ಕೆಂಪು ಜಂಬಿಟ್ಟಿಗೆಯದು. ಮಳೆನೀರು ಅದರ ತೂತುಗಳಲ್ಲಿ ಇಂಗಿ, ಕೆಳಗಿನ ಕಪ್ಪು ಬಂಡೆಗೆ ತಾಗಿ, ಕಂಡೂ ಕಾಣದಂತೆ ಹರಿಯುತ್ತದೆ. ಬಹಮನಿಗಳ ಕಾಲದಲ್ಲಿ ನೌಬಾದಿನ ಸುರಂಗ ಬಾವಿಯನ್ನು ಪರ್ಷಿಯಾದ ವಿದ್ಯೆಯಿಂದ ತೋಡಿದ್ದು ಈ ನೀರಿಗಾಗಿಯೇ. ಬಯಲಿಗೆ ಬಿದ್ದು ಮೊರೆಯುವ ನೀರನ್ನು ನೋಡಲು ನಾನು ಡಿಸೆಂಬರಿನಲ್ಲಿ ಬಸ್ಸುಗಳಲ್ಲಿ ಹೊರಟೆ. ಕಲಬುರಗಿಯ ತೊಗರಿ, ವಿಜಯಪುರದ ಬಿಳಿಜೋಳ ಹಿಂದೆ ಸರಿದವು. ಹುಬ್ಬಳ್ಳಿ ದಾಟಿ, ಕಲಘಟಗಿಯ ಆಚೆ ಮರಗಳು ಒತ್ತಾದವು. ಯಲ್ಲಾಪುರದ ಕಾಡಿನ ರಸ್ತೆಯ ಬದಿಯಲ್ಲಿ ಮತ್ತೆ ಅದೇ ಜಂಬಿಟ್ಟಿಗೆ. ಇಲ್ಲಿ ಅದರ ಮೇಲೆ ಪಾಚಿ ಹತ್ತಿತ್ತು.

ಸಾತೊಡ್ಡಿ ಎತ್ತರದ ಜಲಪಾತವಲ್ಲ. ಹಲವು ಹಳ್ಳಗಳು ಕೂಡಿ ಅಗಲವಾಗಿ ಬಿದ್ದು, ಬಂಡೆಗಳ ನಡುವೆ ಕಾಳಿ ನದಿಯ ಕಡೆಗೆ ಹರಿದುಹೋಗುತ್ತವೆ. ಆ ಬಂಡೆಗಳ ಮೇಲೆ ಒಂದು ಬೂದು ಸಿಪಿಲೆ ಹಕ್ಕಿ ಇತ್ತು.

ಬೆನ್ನು ಸೀಸದ ಬೂದು, ಗಂಟಲು ಬಿಳಿ, ಹುಬ್ಬಿನ ಗೆರೆ ಮಾಸಲು ಬಿಳಿ. ಬಾಲದ ಬುಡದಲ್ಲಿ ಮಾತ್ರ ಗಾಢ ನಿಂಬೆಹಳದಿ. ಬಾಲ ಒಂದು ಗಳಿಗೆಯೂ ನಿಲ್ಲದು. ಸೊಂಟದಿಂದ ಹಿಂದಕ್ಕೆ ಮೈಯೆಲ್ಲ ತೂಗುತ್ತದೆ, ತಲೆ ಮಾತ್ರ ನಿಶ್ಚಲ. ನೊರೆ ಬಂಡೆಗೆ ಅಪ್ಪಳಿಸಿ ಹಿಂದೆ ಸರಿದಾಗ ಅದು ಎರಡು ಹೆಜ್ಜೆ ಓಡಿ, ಒದ್ದೆ ಕಲ್ಲಿಗೆ ಅಂಟಿದ ಹುಳುವನ್ನು ಹೆಕ್ಕುತ್ತದೆ. ಮುಂದಿನ ಅಲೆ ಬರುವ ಮೊದಲೇ ಹಿಂದೆ ಜಿಗಿದಿರುತ್ತದೆ. ಕೆಲವೊಮ್ಮೆ ನೇರ ಮೇಲಕ್ಕೆ ಹಾರಿ, ತುಂತುರಿನೊಳಗೆ ಬಾಲ ಬಿಚ್ಚಿ, ಅಂಚಿನ ಬಿಳಿ ಗರಿಗಳನ್ನು ಮಿಂಚಿಸಿ, ಮತ್ತೆ ಅದೇ ಕಲ್ಲಿಗೆ ಇಳಿಯುತ್ತದೆ. ಮಧ್ಯಾಹ್ನ ಇನ್ನೊಂದು ಸಿಪಿಲೆ ಹಳ್ಳದ ಕೆಳಗಿನಿಂದ ಬಂತು. ಮೊದಲಿನದು ಚಿಟ್‌ಚಿಟ್ ಎಂದು ತೀಕ್ಷ್ಣವಾಗಿ ಕೂಗಿ, ಅಲೆಅಲೆಯಾಗಿ ಹಾರುತ್ತ ಅದನ್ನು ತಿರುವಿನವರೆಗೆ ಅಟ್ಟಿತು. ಚಳಿಗಾಲಕ್ಕೆ ಬಂದ ಹಕ್ಕಿಗೂ ಇಲ್ಲಿ ತನ್ನದೆಂಬ ಹಳ್ಳವಿದೆ. ಅದರ ಕುಲ ಮರಿ ಮಾಡುವುದು ಹಿಮಾಲಯದ ತೊರೆಗಳಲ್ಲಿ, ಅದರಾಚೆಗೂ ಮಧ್ಯ ಏಷ್ಯಾ, ಸೈಬೀರಿಯದ ತೊರೆಗಳಲ್ಲಿ. ಗಡಿಗಳ ಮೇಲೆ ಹಾರಿ ಬಂದರೂ ಅದು ಹುಡುಕುವುದು ಅದೇ ಹರಿಯುವ ನೀರು, ಅದೇ ಒದ್ದೆ ಕಲ್ಲು.

ಕಾಡಿನಂಚಿನ ಸಿದ್ದಿಯರ ಮನೆಯೊಂದರ ಜಗಲಿಯಲ್ಲಿ ಅಜ್ಜಿಯೊಬ್ಬರು ಕವಂದಿ ಎಂಬ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಯ ತುಂಡುಗಳನ್ನು ಒಂದು ಮೂಲೆಯಿಂದ ಹಚ್ಚುತ್ತ, ಅಂಚು ಸುತ್ತಿ, ಸಣ್ಣ ಸಣ್ಣ ಬಿಳಿ ಹೊಲಿಗೆಯಲ್ಲಿ ನಡುವಿಗೆ ಬರುವುದು ಅದರ ಕ್ರಮ. ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವು, ‘ಫುಲಾ’, ಇಡದಿದ್ದರೆ ಕವಂದಿ ಮುಗಿಯುವುದಿಲ್ಲ. ಇವರ ಹಿರಿಯರು ಆಫ್ರಿಕದಿಂದ ಬಂದವರು. ಪೋರ್ಚುಗೀಸರು ಗೋವೆಗೆ ತಂದ ಗುಲಾಮರಲ್ಲಿ ಹಲವರು ಈ ಕಾಡು ಸೇರಿದರು. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡವೆಂದು ದಾಖಲಾದದ್ದು 2003ರಲ್ಲಿ. ನಮ್ಮೂರಿನಲ್ಲೂ ಹಬ್ಶಿಯರ, ಎಂದರೆ ಆಫ್ರಿಕ ಮೂಲದವರ, ಹೆಸರು ಹೊತ್ತ ಹಬ್ಶಿ ಕೋಟ್ ಎಂಬ ಗುಡ್ಡವಿದೆ, ಅದರ ಮೇಲೆ ಗೋರಿಗಳಿವೆ. 1657ರಲ್ಲಿ ಔರಂಗಜೇಬನೆದುರು ಬೀದರ ಕೋಟೆ ಕಾದವನೂ ಒಬ್ಬ ಸಿದ್ದಿ, ಮರ್ಜಾನ್. ಅವನ ಹೆಸರನ್ನು ನಾವು ಇನ್ನೂ ಹೆಚ್ಚು ನೆನೆಯಬೇಕು.

“ಅಜ್ಜಿ, ಆ ಬಾಲ ಕುಣಿಸೋ ಹಕ್ಕಿ ಯಾವಾಗ ಬರ್ತಾದ್ರಿ?”

“ಚೌತಿ ಹೊತ್ತಿಗೆ ಬರ್ತದೆ ತಮಾ. ಹೋಳಿ ಕಳೆದ್ರೆ ಕಾಣೂದಿಲ್ಲ.”

ಹಕ್ಕಿಗಳು ಹೊರಡುವ ಮುನ್ನ ಗಂಡು ಸಿಪಿಲೆಯ ಬಿಳಿ ಗಂಟಲಿಗೆ ಕಪ್ಪು ಹತ್ತತೊಡಗುತ್ತದೆ. ಅದನ್ನು ನೋಡಲು ಹೋಳಿಗೆ ಮೊದಲೇ ಮತ್ತೆ ಬರುತ್ತೇನೆಂದು ಅಜ್ಜಿಗೆ ಹೇಳಿದೆ.