ಫ್ರೀ ಇದ್ರೂ ಹಂಚೋ ಹಾಗಿಲ್ಲ: ನ್ಯಾನೋ ಎಡಿಟರ್ ಹುಟ್ಟಿದ ಕಥೆ

ನನ್ನ ಮೊದಲ ಎಪಿಸೋಡ್ ಈಗ ಎಲ್ಲೂ ಸಿಗಲ್ಲ. ಯಾಕೆ ಗೊತ್ತಾ? ಫ್ರೀ ಡೌನ್‌ಲೋಡ್ ಅಂತ ಇದ್ದ ಒಂದು ಮ್ಯೂಸಿಕ್ ಕಟ್ ಮಾಡಿ ಹಾಕಿದ್ದೆ. ಆಮೇಲೆ ಲೈಸೆನ್ಸ್ ಓದಿದ್ರೆ, ‘ಹಂಚಬಹುದು, ಆದ್ರೆ ಬದಲಾಯಿಸಿ ಹಂಚುವಂತಿಲ್ಲ’ ಅಂತ ಇತ್ತು. ಬಿಕಾಂ ಓದಿದವನು, ಷರತ್ತು ಓದದೆ ಸಹಿ ಹಾಕಿದ ಹಾಗಾಯ್ತು. ಇಂಥದ್ದೇ ಒಂದು ಷರತ್ತಿನಿಂದ ಲಿನಕ್ಸ್‌ಗೆ ಒಂದು ಹೊಸ ಎಡಿಟರ್ ಸಿಕ್ಕಿತು. ಇವತ್ತು ಆ ಕಥೆ.

ಎಡಿಟರ್ ಹೆಸರು ನ್ಯಾನೋ. ಟರ್ಮಿನಲ್‌ನಲ್ಲಿ, ಅಂದ್ರೆ ಬರೀ ಅಕ್ಷರಗಳ ಪರದೆಯಲ್ಲಿ, ಫೈಲ್ ತಿದ್ದೋಕೆ ಬಳಸ್ತಾರೆ. ಡೆಬಿಯನ್ ಲಿನಕ್ಸ್‌ನಲ್ಲಿ ‘ಆಪ್ಟ್ ಇನ್‌ಸ್ಟಾಲ್ ನ್ಯಾನೋ’ ಅಂತ ಕೊಟ್ರೆ ಸಾಕು, ಬಂದು ಕೂರುತ್ತೆ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಆ್ಯಪ್ ಇದ್ರೆ ಅಲ್ಲೂ ಸಿಗುತ್ತೆ.

ಅಷ್ಟು ಸುಲಭ ಆಗೋದು ಪ್ಯಾಕೇಜಿಂಗ್‌ನಿಂದ. ಕಿರಾಣಿ ಅಂಗಡಿ ನೆನಪಿಸಿಕೊಳ್ಳಿ. ಅಕ್ಕಿ ಮಿಲ್ಲಿನಿಂದ ಮೂಟೆಯಲ್ಲಿ ಬರುತ್ತೆ. ಅಂಗಡಿಯವರು ಶುಚಿ ಮಾಡಿ, ತೂಗಿ, ಪೊಟ್ಟಣ ಕಟ್ತಾರೆ. ಕಲ್ಲು ಸಿಕ್ರೆ ನಾವು ಮಿಲ್ಲಿಗೆ ಹೋಗಲ್ಲ, ಅಂಗಡಿಗೇ ಹೋಗ್ತೀವಿ. ಡೆಬಿಯನ್‌ನಲ್ಲಿ ಆ ಅಂಗಡಿಯವರ ಹೆಸರು ಮೇಂಟೇನರ್.

ಅವರು ಮೂಲ ಕೋಡ್ ಜೊತೆ ‘ಡೆಬಿಯನ್’ ಅನ್ನೋ ಫೋಲ್ಡರ್ ಇಡ್ತಾರೆ. ಅದರಲ್ಲಿ ಮುಖ್ಯವಾಗಿ ನಾಲ್ಕು ಫೈಲ್. ‘ರೂಲ್ಸ್’ನಲ್ಲಿ ಕೋಡ್‌ನಿಂದ ಪ್ರೋಗ್ರಾಂ ಕಟ್ಟೋ ಕ್ರಮ. ‘ಚೇಂಜ್‌ಲಾಗ್’ನಲ್ಲಿ ಯಾವಾಗ ಏನು ಬದಲಾಯ್ತು ಅನ್ನೋ ಲೆಕ್ಕ. ‘ಕಂಟ್ರೋಲ್’ನಲ್ಲಿ ಬೇಕಾದ ಲೈಬ್ರರಿಗಳ ಪಟ್ಟಿ. ಇದು ನಮ್ಮ ಕನ್ನಡಕ್ಕೂ ಸಂಬಂಧಪಟ್ಟಿದ್ದು. ಯುಟಿಎಫ್-8ರಲ್ಲಿ ‘ಕ’ ಒಂದೇ ಅಕ್ಷರ ಆದ್ರೂ 3 ಬೈಟ್ ತಗೊಳ್ಳುತ್ತೆ. ಅದಕ್ಕೆ ತಕ್ಕ ಲೈಬ್ರರಿ ಜೋಡಿಸದಿದ್ರೆ ಪರದೆ ಮೇಲೆ ಅಕ್ಷರ ಚೆಲ್ಲಾಪಿಲ್ಲಿ. ನಾಲ್ಕನೇದು ‘ಕಾಪಿರೈಟ್’. ನಮ್ಮ ಕಥೆ ಇರೋದು ಇಲ್ಲೇ.

1990ರ ದಶಕದಲ್ಲಿ ಪಿಕೋ ಅನ್ನೋ ಸುಲಭದ ಎಡಿಟರ್ ಇತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೈನ್ ಇಮೇಲ್ ಪ್ರೋಗ್ರಾಂ ಜೊತೆ ಬರ್ತಿತ್ತು. ದುಡ್ಡು ಕೊಡಬೇಕಿರಲಿಲ್ಲ, ಕೋಡ್ ಕೂಡ ನೋಡಬಹುದಿತ್ತು. ಆದ್ರೆ ತಿದ್ದಿ, ಕಟ್ಟಿ, ಸಿದ್ಧ ಪ್ರೋಗ್ರಾಂ ಆಗಿ ಹಂಚೋ ಸ್ವಾತಂತ್ರ್ಯ ಲೈಸೆನ್ಸ್‌ನಲ್ಲಿ ಇರಲಿಲ್ಲ. ಪ್ಯಾಕೇಜ್ ಮಾಡೋರಿಗೆ ತಿದ್ದಲೇಬೇಕು: ಫೈಲ್‌ಗಳ ಜಾಗ ಬದಲಿಸಬೇಕು, ದೋಷ ಸರಿಪಡಿಸಬೇಕು. ಹಾಗಾಗಿ ಡೆಬಿಯನ್ ಮೂಲ ಕೋಡ್ ಮತ್ತು ತಿದ್ದುಪಡಿಗಳನ್ನಷ್ಟೇ ಕೊಡ್ತಿತ್ತು. ‘ಅಕ್ಕಿ ತಗೊಳ್ಳಿ, ಅನ್ನ ನೀವೇ ಮಾಡ್ಕೊಳ್ಳಿ’ ಅಂದ ಹಾಗೆ!

1999ರಲ್ಲಿ ಕ್ರಿಸ್ ಅಲೆಗ್ರೆಟ್ಟಾ ಪಿಕೋ ಥರಾನೇ ಕೆಲಸ ಮಾಡೋ ಎಡಿಟರನ್ನ ಹೊಸದಾಗಿ ಬರೆದು, ಜಿಪಿಎಲ್ ಲೈಸೆನ್ಸ್‌ನಲ್ಲಿ ಕೊಟ್ರು. ಮೊದಲ ಹೆಸರು ‘ಟಿಪ್’, ‘ಇದು ಪಿಕೋ ಅಲ್ಲ’ ಅನ್ನೋ ಅರ್ಥದ ಚುಟುಕು. ಆ ಹೆಸರಿನ ಇನ್ನೊಂದು ಪ್ರೋಗ್ರಾಂ ಆಗಲೇ ಇದ್ದಿದ್ರಿಂದ 2000ದ ಜನವರಿಯಲ್ಲಿ ನ್ಯಾನೋ ಆಯ್ತು. ಅಳತೆಯಲ್ಲಿ ನ್ಯಾನೋ ಅಂದ್ರೆ ಪಿಕೋಗಿಂತ 1000 ಪಟ್ಟು ದೊಡ್ಡದು, ಅದೂ ಒಂದು ತಮಾಷೆ. 2001ರಲ್ಲಿ ಅದು ಗ್ನೂ ಯೋಜನೆಗೂ ಸೇರಿತು.

ಪಿಕೋದಲ್ಲಿ ಕೋಡ್ ಕೆಟ್ಟದಾಗಿರಲಿಲ್ಲ. ಅಡ್ಡ ಬಂದಿದ್ದು ಲೈಸೆನ್ಸ್‌ನ ಒಂದು ಷರತ್ತು. ದುಡ್ಡಿಲ್ಲದೆ ಸಿಗೋದು ಬೇರೆ, ಹಂಚೋ ಹಕ್ಕು ಬೇರೆ. ಆ ಷರತ್ತನ್ನ ನಮ್ಮ ಪರವಾಗಿ ಯಾರೋ ಮೊದಲೇ ಓದಿರ್ತಾರಲ್ಲ, ಅದೇ ಪ್ಯಾಕೇಜಿಂಗ್‌ನ ಕಣ್ಣಿಗೆ ಕಾಣದ ಕೆಲಸ.

ಡೆಬಿಯನ್ ಬಳಸ್ತಿದ್ರೆ ನ್ಯಾನೋ ಜೊತೆ ಬಂದಿರೋ ಕಾಪಿರೈಟ್ ಫೈಲನ್ನ ನ್ಯಾನೋದಲ್ಲೇ ಒಮ್ಮೆ ತೆರೆದು ಓದಿ. ನಾನಂತೂ ಈಗ ಮ್ಯೂಸಿಕ್ ಹಾಕೋ ಮುಂಚೆ ಲೈಸೆನ್ಸ್ ಓದ್ತೀನಿ. ಮುಂದಿನ ವಾರ ಸಿಗೋಣ!